ಸೆರಗಿನ ಹೊಳಪು, ಬ್ಯಾಳಿಯ ಕಲೆ, ಜೋಳದ ಹಿಟ್ಟು

ಇಳಕಲ್ಲಿನ ಓದುಗರೊಬ್ಬರ ಪತ್ರ: "ರೇಷ್ಮೆ ಸೆರಗಿನ ಮ್ಯಾಲೆ ಬ್ಯಾಳಿ ಸಾರು ಚೆಲ್ಲಿತ್ತು. ಕಲೆ ತೆಗೆಯೋ ಪುಡಿ ಹಾಕಿ ರಾತ್ರಿಯಿಡೀ ನೆನೆಸಿದೆ. ಕಲೆ ಹೋತು, ಹೊಳಪೂ ಹೋತು. 'ರೇಷ್ಮಿನೂ ಪ್ರೋಟೀನೇ, ಪುಡಿ ಅದನ್ನ ತಿಂದೈತಿ' ಅಂತಾರ ನೆರೆಮನಿಯವರು. ಮಗನ ಪುಸ್ತಕದಾಗ ಪ್ರೋಟೀನ್ ಅಂದ್ರ ಬ್ಯಾಳಿ, ಹಾಲು, ತತ್ತಿ. ಯಾವುದು ಖರೆ? ಜೋಳದಾಗೂ ಅದು ಇದ್ರ ಚಪಾತಿ ಹಿಟ್ಟಿನ ಜಿಗಿ ಯಾಕ ಬರಂಗಿಲ್ಲ?"

ಸಂಪಾದಕರ ಉತ್ತರ: ಎರಡೂ ಖರೆ. ಪ್ರೋಟೀನ್ ಎಂಬುದು ಬಹು ದೊಡ್ಡ ಕುಲದ ಹೆಸರು. ಅಮೈನೋ ಆಮ್ಲ ಎಂಬ 20 ಬಗೆಯ ಸಣ್ಣ ಮಣಿಗಳನ್ನು ಯಾವ ಸಾಲಿನಲ್ಲಿ ಪೋಣಿಸಿದೆ, ಆ ಸರ ಹೇಗೆ ಮಡಚಿಕೊಂಡಿದೆ ಎಂಬುದರ ಮೇಲೆ ಅದರ ಕೆಲಸ ನಿಂತಿದೆ.

ರೇಷ್ಮೆ ಎಳೆಯ ಫೈಬ್ರೊಯಿನ್ ಎಂಬ ಪ್ರೋಟೀನಿನಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಸಣ್ಣ ಆಮ್ಲಗಳೇ ಹೆಚ್ಚು. ಸಣ್ಣವಾದ್ದರಿಂದ ಸರಗಳು ಹಾಳೆಯ ಮೇಲೆ ಹಾಳೆ ಇಟ್ಟಂತೆ ಒತ್ತಾಗಿ ಕೂಡುತ್ತವೆ. ಎಳೆಗೆ ಆ ಗಟ್ಟಿತನ ಬಂದದ್ದು ಅಲ್ಲಿಂದ. ಇನ್ನು ಪುಡಿ. ಇಂಥ ಹಲವು ಪುಡಿಗಳಲ್ಲಿ ಪ್ರೋಟಿಯೇಸ್ ಎಂಬ ಕಿಣ್ವ, ಅಂದರೆ ಎಂಜೈಮ್, ಇರುತ್ತದೆ. ಅದೂ ಪ್ರೋಟೀನೇ, ಉಳಿದ ಪ್ರೋಟೀನುಗಳನ್ನು ಕತ್ತರಿಸುವುದೇ ಅದರ ಉದ್ಯೋಗ. ಸಾರಿನ ಕಲೆ ಯಾವುದು, ಸೆರಗಿನ ಎಳೆ ಯಾವುದು ಎಂದು ಅದಕ್ಕೆ ತಿಳಿಯದು. ಪುಡಿಯ ಕ್ಷಾರವೂ ಜೊತೆಗೂಡಿದರೆ, ರಾತ್ರಿಯಿಡೀ ನೆನೆದ ರೇಷ್ಮೆ ಉಳಿಯುವುದು ಕಷ್ಟ. ಪೊಟ್ಟಣದ ಮೇಲೆ 'ಎಂಜೈಮ್' ಎಂದಿದ್ದರೆ ರೇಷ್ಮೆಗೂ ಕಂಬಳಿಗೂ ಅದನ್ನು ತಾಗಿಸಬೇಡಿ. ತಣ್ಣೀರು, ಕ್ಷಾರವಿಲ್ಲದ ಮೆದು ಸೋಪು, ಐದೇ ನಿಮಿಷ, ನೆರಳಲ್ಲಿ ಒಣಗಿಸುವುದು, ಇಷ್ಟು ಸಾಕು.

ಸೆರಗು ಅಸಲಿ ರೇಷ್ಮೆಯೇ ಎಂದು ನೋಡಬೇಕಾದರೆ ಅಂಚಿನ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕೂದಲಿನ ಕೆರಟಿನ್ ಕೂಡ ಪ್ರೋಟೀನ್ ಆದ್ದರಿಂದ ವಾಸನೆ ಒಂದೇ. ಕಾಗದ ಸುಟ್ಟಂತೆ ನಾತ ಬಂದರೆ ಹತ್ತಿ ಅಥವಾ ರೇಯಾನ್. ಅವು ಪ್ರೋಟೀನಲ್ಲ, ಸೆಲ್ಯುಲೋಸ್ ಎಂಬ ಗಿಡದ ನಾರು, ಪ್ರೋಟಿಯೇಸ್ ಅವುಗಳ ತಂಟೆಗೆ ಹೋಗದು. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಮಗನಿಗೆ ಇದನ್ನೂ ಹೇಳಿ: ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಸಕ್ಕರೆ ಹತೋಟಿಯಲ್ಲಿಡುವ 51 ಅಮೈನೋ ಆಮ್ಲಗಳ ಇನ್ಸುಲಿನ್, ರೋಗಾಣು ಹಿಡಿಯುವ ಪ್ರತಿಕಾಯ, ಚರ್ಮ ಮೂಳೆ ಹಿಡಿದಿಟ್ಟ ಕೊಲಾಜೆನ್, ಎಲ್ಲವೂ ಪ್ರೋಟೀನೇ. ಹಿಮೋಗ್ಲೋಬಿನ್ನಿನ ಬೀಟಾ ಸರದ 6ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂತರೆ ಸಾಕು, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಅದೇ ಸಿಕಲ್ ಸೆಲ್ ಕಾಯಿಲೆ.

ಜೋಳಕ್ಕೆ ಬರೋಣ. ಅದರಲ್ಲಿ ನೂರಕ್ಕೆ ಸುಮಾರು 10 ಪಾಲು ಪ್ರೋಟೀನ್ ಇದೆ. ಬೀಜ ಮೊಳೆಯುವಾಗ ಬೇಕೆಂದು ಗಿಡ ಕೂಡಿಟ್ಟದ್ದು ಅದು. ಗೋಧಿಯ ಪ್ರೋಟೀನುಗಳು ನೀರು ಕುಡಿದು, ನಾದಿದಂತೆಲ್ಲ ಒಂದಕ್ಕೊಂದು ಕೊಂಡಿ ಹಾಕಿ ಗ್ಲುಟೆನ್ ಎಂಬ ಜಿಗಿ ಬಲೆಯಾಗುತ್ತವೆ. ಜೋಳದ ಪ್ರೋಟೀನಾದ ಕಫಿರಿನ್ ಸಣ್ಣ ಗುಳಿಗೆಗಳೊಳಗೆ ಬಿಗಿದುಕೊಂಡಿದ್ದು ನೀರಿಗೆ ಮಣಿಯುವುದಿಲ್ಲ. ಆದ್ದರಿಂದ ರೊಟ್ಟಿ ಹಿಟ್ಟನ್ನು ಹಿಡಿಯುವುದು ಪಿಷ್ಟ. ಅದು ಅಂಟಾಗಲು ಸುಮಾರು 70 ಡಿಗ್ರಿ ಶಾಖ ಬೇಕು. ಎಸರು ಕುದಿಯುತ್ತಿರುವಾಗಲೇ ಹಿಟ್ಟಿಗೆ ಬೀಳಬೇಕು. ಆರಿದ ಎಸರಾದರೆ ಬಡಿಯುವಾಗ ಅಂಚು ಸೀಳುತ್ತದೆ, ಎಷ್ಟು ನಾದಿದರೂ ಕೂಡದು.

ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ನಮ್ಮ ದೇಹ ಅದನ್ನು ತಾನಾಗಿ ಮಾಡಿಕೊಳ್ಳಲಾರದು. ತೊಗರಿ ಬ್ಯಾಳಿಯಲ್ಲಿ ಅದು ಧಾರಾಳ. ಬ್ಯಾಳಿಗೆ ಕಡಿಮೆ ಬೀಳುವ ಮೆಥಿಯೊನಿನ್ ಜೋಳದಿಂದ ಬರುತ್ತದೆ. ಬೆಳೆಯುವ ಹುಡುಗನಿಗೆ ಬರೀ ರೊಟ್ಟಿ, ಚಟ್ನಿ ಹಾಕಿ ಏಳಿಸಬೇಡಿ, ಬ್ಯಾಳಿಯೋ ಕಾಳುಪಲ್ಯವೋ ಇರಲಿ. ಎರಡೂ ಒಂದೇ ಹೊತ್ತಿಗೆ ಆಗಬೇಕೆಂದಿಲ್ಲ, ಒಂದೇ ದಿನದಲ್ಲಿ ಹೊಟ್ಟೆಗೆ ಬಿದ್ದರೆ ಸಾಕು.