ಮುಂಬೈಯವರು ಅಲಿಬಾಗಕ್ಕೆ ಅಷ್ಟೊಂದು ಮುಗಿಬೀಳುವುದೇಕೆ? ಕಲಬುರಗಿಯಿಂದ ಹೋಗುವವರಿಗೆ ಅಲ್ಲಿ ಏನಿದೆ?

ಮದುವೆಗೆಂದು ಮುಂಬೈಗೆ ಹೋದಾಗ ಒಂದು ದಿನ ಉಳಿಸಿಕೊಂಡು ಆಚೆ ದಡದ ಕಡಲತೀರದ ಪಟ್ಟಣವಾದ ಅಲಿಬಾಗ ನೋಡಿಬರುವುದು ಸರಿಯೇ, ಸಮುದ್ರವನ್ನು ಬಗಲಲ್ಲೇ ಇಟ್ಟುಕೊಂಡ ಮುಂಬೈಯವರು ಮತ್ತೆ ಸಮುದ್ರಕ್ಕಾಗಿ ಅಲ್ಲಿಗೇಕೆ ಹೋಗುತ್ತಾರೆ ಎಂದು ತಾವು ಕೇಳಿದ್ದೀರಿ. ನಾನು ಕಲಬುರಗಿಯವನು. ಅಣ್ಣನ ಸಂಸಾರ ಮುಂಬೈಯಲ್ಲಿ ಇರುವುದರಿಂದ ಅವರ ಮಕ್ಕಳೊಂದಿಗೆ ಅಲ್ಲಿಗೆ ಹೋಗಿ ಬರುವ ರೂಢಿ ನಮ್ಮ ಮನೆಯಲ್ಲಿದೆ. ನಾನು ಕಂಡಂತೆ ಅಲಿಬಾಗದ ಸೊಗಸಿನ ಹೆಚ್ಚಿನ ಪಾಲು ಅಲ್ಲಿಗೆ ತಲುಪುವ ದಾರಿಯಲ್ಲೇ ಇದೆ.

ಪನ್ವೇಲ್, ಪೇಣ್ ಬಳಸಿಕೊಂಡು ರಸ್ತೆಯಲ್ಲಿ ಹೋದರೆ ಸುಮಾರು 100 ಕಿಲೋಮೀಟರ್ ಆಗುತ್ತದೆ. ಶನಿವಾರದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಅದರಲ್ಲೇ ಕಳೆಯುತ್ತದೆ. ಗೇಟ್‌ವೇ ಆಫ್ ಇಂಡಿಯಾದ ಪಕ್ಕದಲ್ಲಿ ದೋಣಿ ಹತ್ತಿದವರು ಮಾತ್ರ ಒಂದು ತಾಸಿನ ಆಸುಪಾಸಿನಲ್ಲಿ ಆಚೆ ದಡದ ಮಾಂಡವಾದಲ್ಲಿ ಇಳಿಯುತ್ತಾರೆ, ಅಲ್ಲಿಂದ ಅಲಿಬಾಗದವರೆಗಿನ ಸುಮಾರು 20 ಕಿಲೋಮೀಟರಿಗೆ ದೋಣಿಯ ಟಿಕೇಟಿನಲ್ಲೇ ಬಸ್ಸೂ ಸೇರಿರುತ್ತದೆ. ಸ್ವಲ್ಪ ಹೆಚ್ಚು ಹಣ ಕೊಟ್ಟು ಮೇಲಿನ ಅಂತಸ್ತಿನಲ್ಲಿ ಕುಳಿತುಕೊಳ್ಳಿ. ಚಳಿಗಾಲದಲ್ಲಿ ಬಿಳಿಯ ಕಡಲಹಕ್ಕಿಗಳ ಹಿಂಡು ದೋಣಿಯ ವೇಗಕ್ಕೆ ಸರಿಸಮನಾಗಿ ಹಾರುತ್ತ ಬರುತ್ತದೆ, ಮಕ್ಕಳು ಎಸೆದ ಗಾಠಿಯಾವನ್ನು ನೀರಿಗೆ ಬೀಳುವ ಮೊದಲೇ ಕೊಕ್ಕಿನಲ್ಲಿ ಹಿಡಿಯುತ್ತದೆ. (ಹಕ್ಕಿಗಳಿಗೆ ಕರಿದ ತಿಂಡಿ ಹಾಕುವುದು ಒಳ್ಳೆಯದಲ್ಲ ಎಂದು ನಾನು ಹೇಳುತ್ತಲೇ ಇರುತ್ತೇನೆ, ಮಕ್ಕಳು ಕೇಳುವುದಿಲ್ಲ.) ಹಿಂದೆ ತಾಜ್ ಹೋಟೆಲಿನ ಗುಮ್ಮಟ ಸಣ್ಣದಾಗುತ್ತ ಹೋದಂತೆ, ವಾರವಿಡೀ ಲೋಕಲ್ ರೈಲಿನಲ್ಲಿ ನಿಂತೇ ಓಡಾಡುವ ನನ್ನ ಅಣ್ಣನಂಥವರ ಮುಖದಲ್ಲಿ ಬಿಗುವು ಸಡಿಲುವುದನ್ನು ಕಂಡಾಗ ತಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮುಂಬೈಯನ್ನು ಬಿಟ್ಟು ಅಲ್ಲಿಗೆ ಬಂದವುಗಳಲ್ಲಿ ಒಂದು ವೈಜ್ಞಾನಿಕ ಸಂಸ್ಥೆಯೂ ಇದೆ. ನಗರದಲ್ಲಿ ವಿದ್ಯುತ್ ಟ್ರಾಮ್ ಓಡಲಾರಂಭಿಸಿದರೆ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಉಪಕರಣಗಳು ತಪ್ಪು ತೋರಿಸುತ್ತವೆ ಎಂಬ ಕಾರಣಕ್ಕೆ, ಮುಂಬೈಯ ಕೊಲಾಬಾದಲ್ಲಿ ನಡೆಯುತ್ತಿದ್ದ ಆ ಅಳತೆಯ ಕೆಲಸವನ್ನು 1904ರಲ್ಲಿ ಅಲಿಬಾಗದ ವೀಕ್ಷಣಾಲಯಕ್ಕೆ ಸಾಗಿಸಲಾಯಿತು.

ಇನ್ನು ಸಮುದ್ರ ದಂಡೆಯ ವಿಷಯ. ಬಿಳಿ ಮರಳು, ತಿಳಿ ನೀಲಿ ನೀರು ಬೇಕೆಂದು ಹೋದವರಿಗೆ ನಿರಾಶೆಯಾಗುತ್ತದೆ. ಅಲಿಬಾಗದ ಮರಳು ಬೂದುಗಪ್ಪು, ನೀರು ಕದಡಿದ ಬಣ್ಣದ್ದು. ತಿಳಿಯಾದ ಕಡಲು ಬೇಕಿದ್ದರೆ ನಮ್ಮದೇ ಗೋಕರ್ಣದ ಕಡೆ ಹೋಗುವುದು ಲೇಸು. ವರಸೋಲಿ ಮತ್ತು ನಾಗಾಂವ್‌ಗಳಲ್ಲಿ ರಜಾದಿನ ಜಾತ್ರೆಯಷ್ಟು ಜನ ಸೇರುತ್ತಾರೆ. ಗಾಳಿಮರಗಳ ನೆರಳಿರುವ ಕಿಹೀಮ್ ಮಾತ್ರ ನನಗೆ ಇಷ್ಟ. ಪಕ್ಷಿತಜ್ಞ ಸಲೀಂ ಅಲಿಯವರು ಗೀಜಗ ಹಕ್ಕಿಯ ಗೂಡುಕಟ್ಟುವ ರೀತಿಯನ್ನು ಅಭ್ಯಾಸ ಮಾಡಿದ್ದು ಅಲ್ಲಿಯೇ.

ಒಂದೇ ದಿನವಿದ್ದರೆ ಅದನ್ನು ಕುಲಾಬಾ ಕೋಟೆಗೆ ಮೀಸಲಿಡಿ. ಶಿವಾಜಿ ಮಹಾರಾಜರ ಕೊನೆಯ ವರ್ಷಗಳಲ್ಲಿ ಕಟ್ಟಲಾರಂಭಿಸಿದ, ಮುಂದೆ ಮರಾಠಾ ನೌಕಾಪಡೆಯ ಸರಖೇಲ (ಮುಖ್ಯ ದಂಡನಾಯಕ) ಕಾನ್ಹೋಜಿ ಆಂಗ್ರೆಯವರ ನೆಲೆಯಾದ ಈ ಕೋಟೆ ದಂಡೆಯಿಂದ ಸ್ವಲ್ಪ ದೂರ ಸಮುದ್ರದ ಒಳಗಿದೆ. ನಮ್ಮ ಕಲಬುರಗಿ ಕೋಟೆಗೆ ಸುತ್ತ ಕಂದಕ ತೋಡಿದ್ದರೆ ಇದಕ್ಕೆ ಸಮುದ್ರವೇ ಕಂದಕ, ಅದೂ ದಿನಕ್ಕೆ ಎರಡು ಸಲ ತಾನಾಗಿ ಬತ್ತಿ ಎರಡು ಸಲ ತುಂಬುವಂಥದ್ದು. ನೀರು ಇಳಿದಾಗ ಒದ್ದೆ ಮರಳಿನ ಮೇಲೆ ನಡೆದೋ ಕುದುರೆ ಗಾಡಿಯಲ್ಲೋ ಹೋಗಬಹುದು. ನಾಲ್ಕೂ ಕಡೆ ಉಪ್ಪು ನೀರಿದ್ದರೂ ಒಳಗೆ ಸಿಹಿನೀರಿನ ಬಾವಿಯಿದೆ, ಗಣಪತಿಯ ಗುಡಿಯಿದೆ. 1729ರಲ್ಲಿ ತೀರಿಕೊಂಡ ಕಾನ್ಹೋಜಿಯವರ ಸಮಾಧಿ ಪಟ್ಟಣದಲ್ಲಿದೆ. ಇಳಿತದ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ನಿನ್ನೆ ಹೋಗಿಬಂದವರ ಮಾತು ನಂಬಿ ಹೊರಡಬೇಡಿ. ಆ ದಿನದ ವೇಳೆಯನ್ನು ದಂಡೆಯ ಗಾಡಿಯವರನ್ನೇ ಕೇಳಿ, ನೀರು ಏರುವ ಮೊದಲು ಮರಳಿ ಬನ್ನಿ.

ಊಟಕ್ಕೆ ಮೀನು ತಿನ್ನುವವರಿಗೆ ಬೊಂಬಿಲ್ ಇದೆ, ಸುರಮಯಿ ಇದೆ. ನಮ್ಮಂಥ ಸಸ್ಯಾಹಾರಿಗಳಿಗೆ ಅಕ್ಕಿ ಹಿಟ್ಟಿನ ಭಾಕ್ರಿ, ತೆಂಗಿನ ಹಾಲಿಗೆ ಕೋಕಂ ಬೆರೆಸಿದ ಸೋಲಕಢಿ ಸಾಕು. ಬೇಸಿಗೆಯ ಸುಮಾರಿಗೆ ಹೋದರೆ ಜಡೆಯಂತೆ ಹೆಣೆದ ಬಿಳಿ ಉಳ್ಳಾಗಡ್ಡಿಯ ಗೊಂಚಲುಗಳು ರಸ್ತೆ ಬದಿಯಲ್ಲಿ ಸಿಗುತ್ತವೆ. 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಉಳ್ಳಾಗಡ್ಡಿಯಲ್ಲಿ ಘಾಟು ಕಡಿಮೆ, ಹಸಿಯಾಗಿಯೇ ತಿನ್ನಬಹುದು.

ಹಾಗಾಗಿ ಅಲಿಬಾಗಕ್ಕೆಂದೇ ಕಲಬುರಗಿಯಿಂದ ರಾತ್ರಿ ರೈಲು ಹತ್ತಿ ಎಂದು ನಾನು ಹೇಳುವುದಿಲ್ಲ, ಆದರೆ ಮದುವೆಯ ನೆಪ ಇದ್ದೇ ಇರುವಾಗ ಖಂಡಿತ ಹೋಗಿ. ಮಳೆಗಾಲದಲ್ಲಿ ಗೇಟ್‌ವೇ ದೋಣಿಗಳು ನಿಲ್ಲುತ್ತವೆ. ಆಗ ಮುಂಬೈಯ ಭಾವುಚಾ ಧಕ್ಕಾ ಎಂಬ ದೋಣಿಕಟ್ಟೆಯಿಂದ ಹೊರಡುವ, ಕಾರುಗಳನ್ನೂ ಒಯ್ಯುವ ರೋ-ರೋ ಹಡಗನ್ನು ವಿಚಾರಿಸಬೇಕು. ಮಾಂಡವಾದಲ್ಲಿ ಇಳಿದ ಕೂಡಲೇ ಸಂಜೆಯ ಕೊನೆಯ ದೋಣಿ ಎಷ್ಟು ಗಂಟೆಗೆ, ಅದಕ್ಕೆ ಜೋಡಿಯಾದ ಬಸ್ಸು ಅಲಿಬಾಗದಿಂದ ಯಾವಾಗ ಹೊರಡುತ್ತದೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ, ಏಕೆಂದರೆ ಅದು ತಪ್ಪಿದರೆ ರಸ್ತೆಯ ದಾರಿಯೊಂದೇ ಉಳಿಯುತ್ತದೆ.