ಗಿಳಿ ಬಂತು, ಮಗ್ಗಿ ಬರಲಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆ ತಾಯಿ ನನ್ನ ಬಳಿ ಸಲಹೆಗೆ ಬಂದಾಗ ಬಟ್ಟೆ ಚೀಲದ ತುಂಬ ಚಟುವಟಿಕೆ ಪುಸ್ತಕಗಳಿದ್ದವು. ಏಳು ವರ್ಷದ ಮಗಳಿಗೆ ಮನೆಯಲ್ಲೇ ಪಾಠ. "ಇಷ್ಟೂ ಪುಟ ಅವಳೇ ತುಂಬಿಸಿದ್ದು ಮೇಡಂ. ಆದರೆ ಹಬ್ಬಕ್ಕೆ ಬಂದ ನಾದಿನಿ 'ನಾಲ್ಕೇಳ್ಲ ಎಷ್ಟು ಪುಟ್ಟಿ?' ಅಂದಾಗ ಬಾಯೇ ಬಿಡಲಿಲ್ಲ. 'ಸ್ಕೂಲಿಗೆ ಹಾಕಿದ್ರೆ ಹೀಗಾಗ್ತಿತ್ತಾ?' ಅಂದುಬಿಟ್ಟರು. ರಾತ್ರಿ ಮಗು ಮೇಲೆ ಕೈ ಮಾಡಿದೆ" ಎಂದು ಅತ್ತರು.

ಮುಂದಿನ ವಾರ ಮಗಳನ್ನೂ ಕರೆತಂದರು. ಒಂದು ಪುಟ ತೆಗೆದು ಕೊಟ್ಟೆ. ನಾಲ್ಕು, ಎಂಟು, ಹನ್ನೆರಡು ಅಂತ ನೂರರವರೆಗೆ ಚುಕ್ಕಿ ಸೇರಿಸಿದರೆ ಗಿಳಿ ಬರುತ್ತದೆ. ಅವಳು ಸರಸರನೆ ಗೆರೆ ಎಳೆದಳು. "ಇಪ್ಪತ್ತೆಂಟು ಆದ ಮೇಲೆ ಎಲ್ಲಿಗೆ ಹೋದೆ?" ಎಂದರೆ, "ಕೊಕ್ಕು ಇಲ್ಲೇ ಬರಬೇಕಲ್ವಾ ಆಂಟಿ" ಎಂದಳು. ಸಂಖ್ಯೆಯ ಕಡೆ ನೋಡಿರಲೇ ಇಲ್ಲ. ಜಾಣೆ! ಲೆಕ್ಕದ ಉತ್ತರ ನೋಡಿ ಬಣ್ಣ ತುಂಬುವ ಪುಟದಲ್ಲೂ ಅಷ್ಟೇ, ಎಲೆ ಅಂದರೆ ಹಸಿರು, ಲೆಕ್ಕ ಯಾಕೆ ಬೇಕು? ಬಾಯಲ್ಲಿ ಹೇಳು ಎಂದರೆ ನಾಲ್ಕೊಂದ್ಲ ನಾಲ್ಕರಿಂದ ಶುರು ಮಾಡಿ ಏಳರವರೆಗೆ ಬರಬೇಕು. ನಡುವಿನಿಂದ ಕೇಳಿದರೆ ದಾರಿ ತಪ್ಪುತ್ತಿತ್ತು.

ತಾಯಿಗೆ ಹೇಳಿದೆ: ಮಗುವಿನ ನೆನಪಿನಲ್ಲಿ ದೋಷವಿಲ್ಲ. ಉತ್ತರ ಪುಟದಲ್ಲೇ ಇರುವಾಗ ಅದನ್ನು ತಲೆಯಿಂದ ತೆಗೆಯುವ ಕೆಲಸವೇ ಅವಳಿಗೆ ಬಿದ್ದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದಿದ್ದವರು ಮುಂದೆ ಬಂದರು. ನಿಮ್ಮ ಮಗಳು ಕಾಲೇಜಿನವಳಲ್ಲ, ಸರಿ. ಆದರೆ ಪುಟ ತುಂಬಿದ ಕೂಡಲೇ "ಬಂತು" ಅನ್ನಿಸುವ ಮೋಸ ಇಲ್ಲೂ ಅದೇ.

ಪುಸ್ತಕ ಎಸೆಯಬೇಡಿ ಎಂದೆ. ಸುಮ್ನೆ ಕ್ರಮ ತಿರುಗಿಸಿ. ಮೊದಲು ಪುಸ್ತಕ ಮುಚ್ಚಿಟ್ಟು ಮೂರೇ ಮೂರು ಪ್ರಶ್ನೆ, ಅದೂ ಹಿಂದೆ ಮುಂದೆ ಮಾಡಿ. ತಪ್ಪಿದರೆ ಬೈಯದೆ ಉತ್ತರ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕೇಳಿ. ಆಮೇಲೆ ಒಂದು ಪುಟ. ಅದೇ ಪ್ರಶ್ನೆ ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಬರಲಿ. ನಾಲ್ಕೇಳ್ಲ ಗೊತ್ತಾದರೆ ಏಳ್ನಾಲ್ಕ್ಲವೂ ಗೊತ್ತಾದಂತೆ ಎಂದು ತೋರಿಸಿ. ಒಂದು ಮತ್ತು ಹತ್ತರ ಮಗ್ಗಿ ಬಿಟ್ಟರೆ, ಹತ್ತರೊಳಗೆ ನಿಜಕ್ಕೂ ಕಲಿಯಬೇಕಾದ ಗುಣಾಕಾರ 36 ಮಾತ್ರ. ಆ ಲೆಕ್ಕ ಕೇಳಿ ತಾಯಿ ಮೊದಲ ಸಲ ನಕ್ಕರು.

ಅವರಿಗೆ ಇನ್ನೊಂದು ಆತುರವಿತ್ತು, ಪರೀಕ್ಷೆಯದು. ಎನ್‌ಐಒಎಸ್ ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ; ಅದರ ಮುಕ್ತ ಮೂಲಭೂತ ಶಿಕ್ಷಣದಲ್ಲಿ (ಓಪನ್ ಬೇಸಿಕ್ ಎಜುಕೇಶನ್) ಮೊದಲ ಹಂತವೇ ಮೂರನೇ ತರಗತಿಗೆ ಸಮ. ಸಮಯವಿದೆ.

ಹೊಡೆದದ್ದರ ಬಗ್ಗೆ ಜಾಸ್ತಿ ಮಾತಾಡಿದೆವು. ಆ ತುಂಬಿದ ಪುಟಗಳು ಮಗಳಿಗಾಗಿಯೋ, ನಾದಿನಿಗೆ ತೋರಿಸಲಿಕ್ಕೋ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಎರಡನೇದೇ ಮೇಡಂ" ಎಂದರು. ಮಗಳ ಹತ್ತಿರ "ಹೊಡೆದದ್ದು ನನ್ನ ತಪ್ಪು" ಎಂದು ಬಾಯಿಬಿಟ್ಟು ಹೇಳಲು ತಿಳಿಸಿದೆ. ನೆಂಟರೆದುರು ಮಗ್ಗಿ ಒಪ್ಪಿಸುವುದು ಸದ್ಯಕ್ಕೆ ಬೇಡ ಎಂದೂ ಒಪ್ಪಿಕೊಂಡರು.

ಆರು ವಾರದ ನಂತರ ಫೋನ್ ಮಾಡಿದರು. ಈಗ ಮಗಳು ಸ್ವತಃ ಚುಕ್ಕಿ ಇಟ್ಟು ಪುಟ ತಯಾರಿಸಿ ಅಪ್ಪನಿಗೆ ಕೊಡುತ್ತಾಳಂತೆ. ಎಂಟರ ಮಗ್ಗಿಯಲ್ಲಿ ಅಪ್ಪನೇ ಎಡವಿದರಂತೆ.