ಹಣದ ಚೀಲ ಹಿಡಿದವನಿಗೂ ಕ್ಷಮೆ ಇದ್ಯಾ?

ನನ್ನ ಹತ್ರ ಮನಸ್ಸು ಬಿಚ್ಚಿ ಮಾತಾಡೋಕೆ ಬಂದ ಒಬ್ಬ ಬ್ರದರ್ ವಿಷಯ ಇದು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೀನಿ, ಅವರು ಒಪ್ಪಿದ ಮೇಲೇನೇ ಬರೀತಿರೋದು. ನಲವತ್ತು ದಾಟಿದವರು, ತಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಖಜಾಂಚಿ ಆಗಿದ್ರು, ಆನ್‌ಲೈನ್ ರಮ್ಮಿ ಚಟಕ್ಕೆ ಬಿದ್ದು ಸಾಲ ಮಾಡ್ಕೊಂಡು ಕೊನೆಗೆ ಸಭೆಯ ಸುಗ್ಗಿ ಹಬ್ಬದ ಹರಾಜಿನ ದುಡ್ಡಿಗೂ ಕೈ ಹಾಕಿದ್ರು. ನನ್ನ ಹತ್ರ ಬರೋ ಹೊತ್ತಿಗೆ ಆಟ ಬಿಟ್ಟಿದ್ರು, ಆದ್ರೆ ವಿಷಯ ಹೆಂಡ್ತಿಗೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ, ಕರ್ತನ ಭೋಜನ (ಯೇಸುನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋ ಆರಾಧನೆ) ಇರೋ ಭಾನುವಾರ ಏನಾದ್ರೂ ನೆಪ ಹೇಳಿ ಎದ್ದು ಹೋಗ್ತಿದ್ರು.

"ಸಿಸ್ಟರ್, ಹಣದ ಚೀಲ ಇಟ್ಕೊಂಡು ಅದ್ರಲ್ಲೇ ಕದೀತಿದ್ದವನು ಯೂದ. ನಾನೂ ಅವನೇ" ಅಂದ್ರು.

ಯೂದ ಅಂದ್ರೆ ಯೇಸುನ ಹಿಡ್ಕೊಟ್ಟ ಶಿಷ್ಯ, ಆಮೇಲೆ ತನ್ನ ಜೀವ ತಾನೇ ತೆಗೆದ್ಕೊಂಡವನು. ಅದಕ್ಕೇ ಆ ಹೆಸರು ಬಂದ ತಕ್ಷಣ ನಾನು ಸತ್ಯವೇದ (ಬೈಬಲ್) ತೆಗೀಲಿಲ್ಲ, "ಬ್ರದರ್, ಸಾಯ್ಬೇಕು ಅನ್ನಿಸ್ತಿದ್ಯಾ?" ಅಂತ ನೇರವಾಗಿ ಕೇಳ್ದೆ. ಮುಂಚೆ ಅನ್ನಿಸಿತ್ತು, ಈಗಿಲ್ಲ ಅಂದ್ರು. ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವರ ಫೋನಲ್ಲಿ ಸೇವ್ ಮಾಡ್ಸಿದೆ, ಈ ಮಾತು ಹೆಂಡ್ತಿಗೂ ಹೇಳೋಕೆ ಒಪ್ಪಿಸ್ದೆ, ಚಟ ಮತ್ತೆ ತಲೆ ಎತ್ತಿದ್ರೆ ಫೋನ್, ಆನ್‌ಲೈನ್ ಚಟಕ್ಕೆ ಚಿಕಿತ್ಸೆ ಕೊಡೋ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಹೋಗ್ಬೇಕು ಅಂತನೂ ಹೇಳ್ದೆ. ಪ್ರಾರ್ಥನೆ ಮಾಡೋರು ಡಾಕ್ಟ್ರ ಹತ್ರ ಹೋದ್ರೆ ಅದು ಅಪನಂಬಿಕೆ ಅಲ್ಲ ಕಣ್ರೀ.

ಆಮೇಲೆ ಮತ್ತಾಯ 27 ಓದಿದ್ವಿ. ಯೂದನಿಗೂ ಪಶ್ಚಾತ್ತಾಪ ಆಗಿತ್ತು, ಯೇಸುನ ಹಿಡ್ಕೊಡೋಕೆ ತಗೊಂಡಿದ್ದ ಮೂವತ್ತು ಬೆಳ್ಳಿ ನಾಣ್ಯ ವಾಪಸ್ಸೂ ಕೊಟ್ಟ, ಆದ್ರೆ ಅವನು ಹೋಗಿದ್ದು ಯಾಜಕರ ಹತ್ರ, ಅವರು ನಮಗೇನು ಅಂದುಬಿಟ್ರು, ಅವನು ಒಬ್ಬನೇ ಆಗ್ಬಿಟ್ಟ. ಇನ್ನೊಬ್ಬ ಶಿಷ್ಯ ಪೇತ್ರನೂ ಯೇಸುನ ಅರಿಯೆ ಅಂದು ಬಿಕ್ಕಿ ಬಿಕ್ಕಿ ಅತ್ತವನೇ, ಆದ್ರೆ ಉಳಿದ ಶಿಷ್ಯರನ್ನ ಬಿಟ್ಟು ಹೋಗ್ಲಿಲ್ಲ. ಯೋಹಾನ 21ರಲ್ಲಿ ನೋಡಿ, ಯೇಸು ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು ಬನ್ನಿ ಊಟ ಮಾಡಿ ಅಂತ ಕರೀತಾನೆ, ಎಲ್ರೂ ಉಂಡ ಮೇಲೇನೇ ಪೇತ್ರನ್ನ ಮೂರು ಸಲ ನನ್ನನ್ನ ಪ್ರೀತಿಸ್ತೀಯಾ ಅಂತ ಕೇಳೋದು. ಮೊದ್ಲು ಊಟ, ಆಮೇಲೆ ಪ್ರಶ್ನೆ. ಇದನ್ನ ಹೇಳ್ದಾಗ ಅವರು ತುಂಬ ಹೊತ್ತು ಅತ್ರು, ನಾನು ಸುಮ್ನಿದ್ದೆ.

ಮುಂದಿನ ಸಲ ಬಂದಾಗ "ದೇವ್ರೇ ಕ್ಷಮಿಸಿದ್ರೆ ಸಭೆಗೆ ಯಾಕೆ ಹೇಳ್ಬೇಕು?" ಅಂದ್ರು. ಜನರಿಂದ ಮೋಸದಿಂದ ದುಡ್ಡು ಕಿತ್ತಿದ್ದ ಸುಂಕದವನು ಜಕ್ಕಾಯನ ಮನೆಗೆ ಯೇಸು ಬಂದಿದ್ದು ಅವನು ಒಂದು ಪೈಸೆನೂ ವಾಪಸ್ ಕೊಡೋಕೆ ಮುಂಚೆ. ನಾಲ್ಕರಷ್ಟು ಕೊಡ್ತೀನಿ ಅಂತ ಅವನು ಹೇಳಿದ್ದು ಆಮೇಲೆ. ಹಾಗಾಗಿ ದುಡ್ಡು ತೀರ್ಸೋದು ಕ್ಷಮೆಗೆ ಕೊಡೋ ಬೆಲೆ ಅಲ್ಲ, ಆದ್ರೆ ಸಭೆ ದುಡ್ಡು ಸಭೆಗೆ ಸೇರ್ಲೇಬೇಕು, ಮುಚ್ಚಿಟ್ಟು ತೀರ್ಸಿದ್ರೆ ಭಯ ಹೋಗಲ್ಲ ಅಂದೆ. ಹೆಂಡ್ತಿ ಜೊತೆ ಪಾಸ್ಟರ್ ಹತ್ರ ಹೋಗಿ, ಪೂರ್ತಿ ಲೆಕ್ಕ ಬರ್ದು ಕೊಡಿ, ತೀರ್ಸೋಕೆ ಹೊಸ ಸಾಲ ಬೇಡ, ಸಂಬಳದ ಅಕೌಂಟು ಹೆಂಡ್ತಿ ನೋಡ್ಕೊಳ್ಳಲಿ ಅಂತ ಹೇಳ್ದೆ.

ಅವರು ಹಾಗೇ ಮಾಡಿದ್ರು. ಸಭೆಯ ಕಮಿಟಿಯವರು ಬೈದ್ರು, ಆದ್ರೆ ಕಂತಿಗೆ ಒಪ್ಪಿದ್ರು. ಒಂದಿಬ್ರು ಈಗ್ಲೂ ಮಾತಾಡಲ್ವಂತೆ, ಅದು ಅವರಿಗೆ ತುಂಬ ನೋವು. ಹಿಂದೊಮ್ಮೆ ಅರ್ಧದಲ್ಲೇ ಬಿಟ್ಟು ಹೋಗಿದ್ದ ಜೊತೆಗಾರ ಮಾರ್ಕನ್ನ ಅಪೊಸ್ತಲ ಪೌಲ ಒಂದು ಪ್ರಯಾಣದಲ್ಲಿ ಬೇಡ್ವೇ ಬೇಡ ಅಂದಿದ್ದ, ಅವನು ಸೇವೆಗೆ ಉಪಯುಕ್ತ ಅಂತ ಅದೇ ಪೌಲ ಬರೆಯೋ ಹೊತ್ತಿಗೆ ವರ್ಷಗಳೇ ಆಗಿತ್ತು, ಅವರಿಗೂ ಟೈಮ್ ಕೊಡಿ ಅಂದೆ. ಈಗ ಕರ್ತನ ಭೋಜನಕ್ಕೆ ಕೂತ್ಕೋತಿದ್ದಾರೆ. ಮುಂದೆ ಯಾರಾದ್ರೂ ಪ್ರೀತಿಯಿಂದಾನೇ ಮತ್ತೆ ಖಜಾಂಚಿ ಆಗಿ ಅಂದ್ರೂ ಒಪ್ಕೋಬೇಡಿ ಅಂತ ಹೇಳಿದ್ದೀನಿ, ಚಾಪೆ ಹಾಸೋದು, ಆಸ್ಪತ್ರೆ ಭೇಟಿ, ಬೇಕಾದಷ್ಟು ಸೇವೆ ಇದೆ.